ಇಲ್ಲಿಯ ಸುಗ್ಗಿ ಈಗ ಶುರು, ತಮ್ಮಾ

ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಬಂದು ಬೊಬ್ಲಿಂಗನ್‌ನಲ್ಲಿ ರೂಮ್ ಮಾಡಿಕೊಂಡಿದ್ದೀಯ. ಕೆಲಸ ಪರವಾಗಿಲ್ಲ, ಊಟಕ್ಕೂ ಒಂದು ದಾರಿಯಾಗಿದೆ. ಆದರೆ ಆಫೀಸಿನಲ್ಲಿ ನಮ್ಮವರೇ ಕೆಲವರು "ಅಕ್ಟೋಬರ್ ಬರಲಿ ಇರು, ಆಮೇಲೆ ಏಪ್ರಿಲ್‌ವರೆಗೂ ಬರೀ ಚಳಿ, ಕತ್ತಲೆ, ಮನೆಯಿಂದ ಆಚೆ ಕಾಲಿಡೋಕೆ ಆಗಲ್ಲ" ಅಂತ ಹೆದರಿಸಿಟ್ಟಿದ್ದಾರೆ. ಜರ್ಮನಿಯಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೀರಲ್ಲ ಅಕ್ಕ, ಈ ಕಾಲದಲ್ಲಿ ನೀವೇನು ಮಾಡುತ್ತೀರಿ, ನಿಜವಾಗಿಯೂ ಖುಷಿಯಾಗಿದ್ದೀರಾ, ಇಲ್ಲಾ ಸುಮ್ನೆ ಅಭ್ಯಾಸ ಆಗಿಹೋಗಿದೆಯಾ, ನಾನು ಇಲ್ಲೇ ಇರಬೇಕಾ ವಾಪಸ್ ಹೋಗಬೇಕಾ ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯ, ಅದಕ್ಕೇ ನಾನೂ ನೀನು ಅಂತಲೇ ಬರೆಯುತ್ತೇನೆ.

ಖುಷಿಯಾಗಿದ್ದೇನೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನ ತನಕ ಇನ್ನೂ ಜಾಸ್ತಿ ಖುಷಿಯಾಗಿರುತ್ತೇನೆ. ನಿನಗೆ ಹೇಳಿದವರು ಸುಳ್ಳು ಹೇಳಿಲ್ಲ. ಚಳಿ ಬರುತ್ತದೆ, ಕತ್ತಲೂ ಬರುತ್ತದೆ. ಆದರೆ ಈ ಎರಡು ತಿಂಗಳು ಇಲ್ಲಿನ ಜನಕ್ಕೆ ಸುಗ್ಗಿ. ನಮ್ಮ ಕಡೆ ಸಂಕ್ರಾಂತಿ ಹೊತ್ತಿಗೆ ಕಣದಲ್ಲಿ ರಾಶಿ ಬೀಳುತ್ತದಲ್ಲ, ಇಲ್ಲಿ ಆ ರಾಶಿ ಬೀಳುವುದು ಈಗ. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ನಿನಗೆ ಈ ವರ್ಷವೇ ಗೊತ್ತಾಗಲಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಎಸ್ಲಿಂಗನ್‌ಗೆ ಬಂದ ಮೊದಲ ಅಕ್ಟೋಬರ್‌ನಲ್ಲಿ ನಾನು ಕಿಟಕಿ ಮುಚ್ಚಿ, ಪರದೆ ಎಳೆದು, ಹೀಟರ್ ಹಾಕಿಕೊಂಡು ಕೂತೆ. ಯಜಮಾನರು ಬೆಳಗ್ಗೆ ಹೋದರೆ ಸಂಜೆಗೆ ಬರುವುದು. ಮಗಳು ಇನ್ನೂ ಹುಟ್ಟಿರಲಿಲ್ಲ. ದಿನವಿಡೀ ಅಡುಗೆ, ಫೋನು, ನಿದ್ದೆ. ನವೆಂಬರ್ ಮುಗಿಯುವಷ್ಟರಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪಗೆ ಬೂಸ್ಟು ಹಿಡಿದಿತ್ತು, ಮನೆ ಓನರ್‌ರಿಂದ ಕಾಗದ ಬಂತು. ಆಗ ತಿಳಿದದ್ದು, ಇಲ್ಲಿ ಎಷ್ಟೇ ಚಳಿಯಿರಲಿ, ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿಯಾಡಿಸಬೇಕು ಅಂತ. ಅದರಲ್ಲೂ ನಮ್ಮ ಅಡುಗೆ, ಕುಕ್ಕರ್ ಹಬೆ, ಒಗ್ಗರಣೆ ಹೊಗೆ. ನೀನು ಈಗಿನಿಂದಲೇ ಅಭ್ಯಾಸ ಮಾಡಿಕೋ. ಕಿಟಕಿಯನ್ನು ಓರೆ ಮಾಡಿ ಬಿಟ್ಟರೆ ಸಾಲದು, ಗೋಡೆ ತಣ್ಣಗಾಗುತ್ತದೆ ಅಷ್ಟೇ. ಪೂರ್ತಿ ತೆರೆ, ಹೀಟರ್ ಆರಿಸು, ಆಮೇಲೆ ಮುಚ್ಚು.

ಆ ವರ್ಷವೇ ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿದ್ದು. ಅಜ್ಜಿಯ ಕೈಯಲ್ಲಿ ಒಂದು ಹಲಗೆ ಇತ್ತು, ಅದರ ಮೇಲೆ 'ಕೇರ್‌ವೋಖೆ' ಅಂತ ಬರೆದಿತ್ತು. ಗುಡಿಸುವ ವಾರ ಅಂತ ಅರ್ಥ. ಸ್ಟುಟ್‌ಗಾರ್ಟ್ ಸುತ್ತಲಿನ ಈ ಶ್ವಾಬನ್ ಸೀಮೆಯಲ್ಲಿ ಅದೊಂದು ಪದ್ಧತಿ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳ, ಮನೆ ಮುಂದಿನ ಫುಟ್‌ಪಾತ್ ಗುಡಿಸಬೇಕು. ಹಲಗೆ ಯಾರ ಬಾಗಿಲಲ್ಲಿ ತೂಗುತ್ತಿದೆಯೋ ಆ ವಾರ ಅವರ ಸರದಿ. ನಮ್ಮ ಸರದಿ ಬಂದು ನಾಲ್ಕು ದಿನವಾಗಿತ್ತು, ಮನೆ ಮುಂದೆ ಮೇಪಲ್ ಎಲೆ ಮೊಣಕಾಲುದ್ದ ಬಿದ್ದಿತ್ತು, ಮೇಲೆ ಮಳೆ ಬಂದು ಜಾರುತ್ತಿತ್ತು. ಅಜ್ಜಿ ಬೈಯಲಿಲ್ಲ. ಒಂದು ಪೊರಕೆ ನನ್ನ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು, ಬಾ ಅಂತ ಕೈಸನ್ನೆ ಮಾಡಿದರು. ನನಗೆ ಆಗ ಜರ್ಮನ್ ಬರುತ್ತಿರಲಿಲ್ಲ. ಒಂದು ಗಂಟೆ ಇಬ್ಬರೂ ಮಾತಿಲ್ಲದೆ ಎಲೆ ಗುಡಿಸಿದೆವು. ಊರಲ್ಲಿ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ಗುಡಿಸಿದ ಹಾಗೇ ಅನ್ನಿಸಿತು. ಒದ್ದೆ ಎಲೆಯ ವಾಸನೆ, ಬಾಯಿಂದ ಬರುವ ಹಬೆ, ಕೆಂಪಾದ ಕೈ. ಆಮೇಲೆ ಅವರು ಬಿಸಿ ಬಿಸಿ ಸೇಬಿನ ರಸ ಕೊಟ್ಟರು, ಅದಕ್ಕೆ ಚಕ್ಕೆ ಹಾಕಿದ್ದರು. ಇಲ್ಲಿನ ಜನ ಮುಖ ಕೊಟ್ಟು ಮಾತಾಡಲ್ಲ ಅಂತ ನೀನು ಬರೆದಿದ್ದೀಯ. ನಿಜ, ಶ್ವಾಬನ್ ಜನ ಸುಮ್ಮನೆ ಹರಟೆಗೆ ಕರೆಯುವವರಲ್ಲ. ಆದರೆ ಕೆಲಸಕ್ಕೆ ಕರೆದರು ಅಂದರೆ ಮನೆಯವರ ಹಾಗೆ ಕಂಡರು ಅಂತ ಅರ್ಥ. ಈ ಕಾಲದಲ್ಲಿ ಕೆಲಸಕ್ಕೆ ಕೈ ಬೇಕಾಗುತ್ತದೆ, ಅದಕ್ಕೇ ಬಾಗಿಲುಗಳು ತೆರೆಯುವುದೂ ಈಗಲೇ.

ಅಜ್ಜಿಗೆ ಊರಾಚೆ ಬೆಟ್ಟದ ಓರೆಯಲ್ಲಿ ಒಂದು 'ಶ್ಟೂಕ್ಲೆ' ಇದೆ. ಆ ಪದಕ್ಕೆ ಸಣ್ಣ ತುಂಡು ಅಂತ ಅರ್ಥ. ನಾವೂ ತುಂಡು ಜಮೀನು ಅಂತಲೇ ಅನ್ನುತ್ತೇವೆ, ಅಲ್ವಾ. ಕಾರಣವೂ ಅದೇ. ಈ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಹಿಂದಿನಿಂದಲೂ ಜಮೀನನ್ನು ಎಲ್ಲ ಮಕ್ಕಳಿಗೂ ಸಮವಾಗಿ ಭಾಗ ಮಾಡುತ್ತಿದ್ದರು. ಭಾಗ ಆಗಿ ಆಗಿ ಹೊಲಗಳೆಲ್ಲ ಉದ್ದುದ್ದ ಪಟ್ಟಿಗಳಾದವು. ಅಂಥ ಪಟ್ಟಿಯಲ್ಲಿ ಹತ್ತೋ ಹದಿನೈದೋ ಹಣ್ಣಿನ ಮರ, ಮರದ ಕೆಳಗೆ ಹುಲ್ಲು. ಶ್ವಾಬಿಯನ್ ಆಲ್ಬ್ ಬೆಟ್ಟಸಾಲಿನ ತಪ್ಪಲಲ್ಲಿ ಇಂಥ ಹಣ್ಣಿನ ಹುಲ್ಲುಗಾವಲುಗಳು ಮೈಲುಗಟ್ಟಲೆ ಇವೆ. ಸೇಬು, ಪೇರ್, ಪ್ಲಮ್, ಚೆರ್ರಿ, ಅಕ್ರೋಟು. ಅಂಗಡಿಯಲ್ಲಿ ಸಿಗುವ ಹೊಳೆಯುವ ಸೇಬಲ್ಲ, ಒಂದು ಕಡೆ ಕೆಂಪು ಒಂದು ಕಡೆ ಹಸಿರು, ಮೈತುಂಬ ಮಚ್ಚೆ. ಬ್ರೆಟ್ಟಾಖರ್ ಅಂತ ಒಂದು ಜಾತಿ ಇದೆ, ಕಿತ್ತ ತಕ್ಷಣ ಹುಳಿ, ನೆಲಮನೆಯಲ್ಲಿ ಇಟ್ಟರೆ ಜನವರಿ ಹೊತ್ತಿಗೆ ಸಿಹಿ.

ಪ್ರತಿ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಅಲ್ಲಿಗೆ ಹೋಗುತ್ತೇವೆ. ಉದ್ದನೆಯ ಕೋಲಿನ ತುದಿಗೆ ಕೊಕ್ಕೆ ಇರುತ್ತದೆ, ಅದರಿಂದ ಕೊಂಬೆ ಅಲ್ಲಾಡಿಸಬೇಕು. ಹುಣಸೆಹಣ್ಣು ಬಡಿದ ಹಾಗೆ ದಬದಬ ಬೀಳುತ್ತವೆ. ಬಾಗಿ ಬಾಗಿ ಆರಿಸಿ ಗೋಣಿಚೀಲಕ್ಕೆ ತುಂಬುವುದು. ಕೊಳೆತದ್ದು ಬಿಡಬೇಕು, ಪೆಟ್ಟಾದದ್ದು ಪರವಾಗಿಲ್ಲ. ಆಮೇಲೆ ಗಾಡಿಗೆ ಹೇರಿಕೊಂಡು ರಸ ತೆಗೆಯುವ ಮಿಲ್ಲಿಗೆ. ಅದನ್ನು ಮೋಸ್ಟರೈ ಅನ್ನುತ್ತಾರೆ. ನಮ್ಮೂರಲ್ಲಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿ ಸಾಲು ಹಚ್ಚುತ್ತಿದ್ದೆವಲ್ಲ, ಥೇಟ್ ಹಾಗೇ. ನಿನ್ನ ಸೇಬು, ನಿನ್ನದೇ ರಸ. ತೊಳೆದು, ಅರೆದು, ಹಿಂಡಿ, 80 ಡಿಗ್ರಿ ಸುಮಾರಿಗೆ ಬಿಸಿ ಮಾಡಿ, ಐದು ಲೀಟರ್ ಚೀಲಗಳಿಗೆ ಬಿಸಿಬಿಸಿ ತುಂಬಿ ಕೊಡುತ್ತಾರೆ. ನೂರು ಕೆಜಿ ಸೇಬಿಗೆ ಅರವತ್ತು ಲೀಟರ್ ಮೇಲೆಯೇ ರಸ ಬರುತ್ತದೆ. ಏನೂ ಬೆರೆಸಲ್ಲ, ಆದರೂ ಒಂದು ವರ್ಷ ಕೆಡಲ್ಲ. ಮಿಲ್ಲಿನ ಮುಂದೆ ಸಾಲಲ್ಲಿ ನಿಂತಾಗ ಜನ ಮಾತಾಡುತ್ತಾರೆ. ಎಷ್ಟು ಚೀಲ, ಯಾವ ಜಾತಿ, ಈ ಸಲ ಏಪ್ರಿಲ್ ಮಂಜಿಗೆ ಹೂವು ಸುಟ್ಟುಹೋಯಿತಾ, ಎಲ್ಲಿಯವರು ನೀವು. ನನ್ನ ಜರ್ಮನ್ ನಿಜವಾಗಿ ಶುರುವಾದದ್ದು ಅಲ್ಲಿ. ಕ್ಲಾಸಿನಲ್ಲಿ ಕಲಿತ ವ್ಯಾಕರಣ ಆ ಸಾಲಿನಲ್ಲಿ ಮಾತಾಯಿತು.

ನಿನಗೆ ಗೊತ್ತಿರಬೇಕಾದ ಇನ್ನೊಂದು ವಿಷಯ. ದಾರಿಯಲ್ಲಿ ಹಣ್ಣಿನ ಮರ ಕಂಡರೆ ಕೀಳಬೇಡ, ಬಿದ್ದದ್ದನ್ನೂ ಎತ್ತಬೇಡ, ಅದಕ್ಕೆ ಓನರ್ ಇರುತ್ತಾರೆ. ಆದರೆ ಕೆಲವು ಮರಗಳ ಕಾಂಡಕ್ಕೆ ಹಳದಿ ಪಟ್ಟಿ ಕಟ್ಟಿರುತ್ತಾರೆ. ಆ ಮರದ ಹಣ್ಣನ್ನು ಮನೆ ಮಟ್ಟಿಗೆ ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ವಯಸ್ಸಾದವರು, ಕೀಳಲು ಆಗದವರು ಕಟ್ಟುತ್ತಾರೆ. ಹಣ್ಣು ನೆಲದಲ್ಲಿ ಕೊಳೆಯಬಾರದು ಅಂತ. ಆ ಹಳದಿ ಪಟ್ಟಿ ನೋಡಿದಾಗೆಲ್ಲ ನನಗೆ ಈ ಊರಿನ ಮೇಲೆ ಪ್ರೀತಿ ಬರುತ್ತದೆ.

ಈಗ ದ್ರಾಕ್ಷಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಾನು ದೇವನಹಳ್ಳಿ ಕಡೆಯವಳು. ಅಪ್ಪ ಒಂದೂವರೆ ಎಕರೆಯಲ್ಲಿ ದ್ರಾಕ್ಷಿ ಚಪ್ಪರ ಹಾಕಿದ್ದರು. ಬೆಂಗಳೂರು ಬ್ಲೂ ಜಾತಿ, ಕಪ್ಪನೆ, ದಪ್ಪ ಸಿಪ್ಪೆ, ಒಳಗೆ ಬೀಜ, ತೋಟದ ಹತ್ತಿರ ಹೋದರೆ ಸಾಕು ಘಮ್ಮೆನ್ನುವ ವಾಸನೆ. ವರ್ಷಕ್ಕೆ ಎರಡು ಬೆಳೆ. ಶಾಲೆ ರಜೆಯಲ್ಲಿ ಚಪ್ಪರದ ಕೆಳಗೆ ನಿಂತು ಗೊನೆ ಕತ್ತರಿಸಿ ಕ್ರೇಟಿಗೆ ಹಾಕುವುದೇ ನಮ್ಮ ಕೆಲಸ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತ ಜಮೀನಿಗೆ ಬೆಲೆ ಬಂತು, ಕೆಲಸಕ್ಕೆ ಆಳು ಸಿಗದಾಯಿತು. ಅಪ್ಪನ ಕಾಲೂ ಸೋತಿತ್ತು. ಚಪ್ಪರ ತೆಗೆದರು. ಈಗ ಅಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ನಾನು ಅಲ್ಲಿಗೆ ಹೋದರೆ ಗುರುತು ಸಿಗುವುದು ದೂರದ ನಂದಿಬೆಟ್ಟ ಮಾತ್ರ.

ಎಸ್ಲಿಂಗನ್‌ನಲ್ಲಿ ರೈಲು ಇಳಿದು ತಲೆಯೆತ್ತಿದರೆ ಬೆಟ್ಟವೆಲ್ಲ ದ್ರಾಕ್ಷಿ. ನೆಕ್ಕಾರ್ ನದಿಯ ಮೇಲೆ, ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು, ಅದರಲ್ಲಿ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆಗಳು, ಗೋಡೆ ಗೋಡೆಯ ನಡುವೆ ನಾಲ್ಕು ಸಾಲು ಬಳ್ಳಿ. ಹಗಲು ಬಿಸಿಲಿಗೆ ಕಾದ ಕಲ್ಲು ರಾತ್ರಿ ಬಳ್ಳಿಯನ್ನು ಬೆಚ್ಚಗಿಡುತ್ತದೆ. ಅಲ್ಲಿಗೆ ಯಂತ್ರ ಹೋಗಲ್ಲ. ಕೈಯಲ್ಲೇ ಕೊಯ್ಯಬೇಕು. ಸೆಪ್ಟೆಂಬರ್‌ನಲ್ಲಿ ಬೆಟ್ಟದಿಂದ ಆಗಾಗ ಢಂ ಅಂತ ಸದ್ದು ಬರುತ್ತದೆ, ನೀನೂ ಒಂದು ದಿನ ಕೇಳಿ ಗಾಬರಿಯಾಗಬಹುದು. ಹಕ್ಕಿ ಓಡಿಸುವ ಸದ್ದು ಅದು. ಹಣ್ಣು ಮಾಗಿದಾಗ ಹಿಂಡು ಹಿಂಡಾಗಿ ಹಕ್ಕಿ ಇಳಿಯುತ್ತವೆ. ನಮ್ಮ ಕಡೆ ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಕವಣೆ ಬೀಸುತ್ತಿದ್ದರಲ್ಲ, ಅದೇ ಕೆಲಸ.

ಮೂರನೇ ವರ್ಷ ಅಜ್ಜಿಯ ತಮ್ಮನ ಮಗ ಕೊಯ್ಲಿಗೆ ಕರೆದರು. ಅವರದು ಸಣ್ಣ ತೋಟ, ಟ್ರೋಲಿಂಗರ್ ಅಂತ ಕೆಂಪು ದ್ರಾಕ್ಷಿ. ಬೆಳಗ್ಗೆ ಎಂಟಕ್ಕೆ ಮಂಜು, ಬಳ್ಳಿ ಒದ್ದೆ, ಬೆರಳು ಮರಗಟ್ಟುತ್ತಿತ್ತು. ಕೈಗೆ ಕತ್ತರಿ ಬಂತು. ಮೊದಲ ಗೊನೆಯನ್ನು ಎಡಗೈಯಲ್ಲಿ ಹಿಡಿದು ತೊಟ್ಟು ಕತ್ತರಿಸಿ, ಕೊಳೆತ ಕಾಳನ್ನು ಬೆರಳಲ್ಲೇ ಕಿತ್ತು ಬಕೆಟ್ಟಿಗೆ ಇಟ್ಟೆ. ಪಕ್ಕದಲ್ಲಿದ್ದವರು ನಿಂತು ನೋಡಿ, ಎಲ್ಲಿ ಕಲಿತೆ ಅಂತ ಕೇಳಿದರು. ನನ್ನ ಅಪ್ಪನ ಹತ್ತಿರ ಅಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಹತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಿತ್ತು, ಎಲೆಗಳೆಲ್ಲ ಹಳದಿ ಕೆಂಪು, ಕೆಳಗೆ ನದಿ, ಊರಿನ ಕೆಂಪು ಹೆಂಚು. ಮಧ್ಯಾಹ್ನ ಎಲ್ಲರೂ ಕಲ್ಲಿನ ಮೇಲೆ ಕೂತು ಬ್ರೆಡ್ಡು, ಚೀಸು, ಉಪ್ಪಿನಕಾಯಿಯ ಹಾಗೆ ವಿನೆಗರ್‌ನಲ್ಲಿ ಹಾಕಿದ ಸೌತೆ ತಿಂದೆವು. ನಾನು ಚಪಾತಿ ಮತ್ತು ಹುಚ್ಚೆಳ್ಳು ಚಟ್ನಿಪುಡಿ ತಂದಿದ್ದೆ, ಅದೂ ಖಾಲಿಯಾಯಿತು. ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಚಪ್ಪರ ಎಷ್ಟು ಎತ್ತರ, ಗೊನೆ ಎಷ್ಟು ತೂಕ, ಔಷಧಿ ಏನು ಹೊಡೀತಾರೆ ಅಂತ ಮುಕ್ಕಾಲು ಗಂಟೆ ಕೇಳಿದರು. ಚಪ್ಪರ ಇಲ್ಲ ಅಪ್ಪ, ಇಳಿಜಾರು, ತಂತಿಗೆ ಕಟ್ಟುತ್ತಾರೆ, ವರ್ಷಕ್ಕೆ ಒಂದೇ ಬೆಳೆ ಅಂದೆ. ಒಂದೇ ಬೆಳೆಗೆ ಹೇಗೆ ಬದುಕುತ್ತಾರೆ ಅಂತ ಅವರಿಗೆ ಚಿಂತೆ. ಈಗ ಅಪ್ಪ ಇಲ್ಲ. ಆದರೂ ಪ್ರತಿ ವರ್ಷ ಕೊಯ್ಲಿಗೆ ಹೋಗುತ್ತೇನೆ. ಹೋಗದಿದ್ದರೆ ಆ ವರ್ಷ ಪೂರ್ತಿಯಾದ ಹಾಗೇ ಅನ್ನಿಸಲ್ಲ.

ಕೊಯ್ಲು ಶುರುವಾದ ಕೂಡಲೇ ಅಂಗಡಿಗಳಲ್ಲಿ, ಮಾರ್ಕೆಟ್ಟಿನಲ್ಲಿ 'ನೊಯರ್ ವೈನ್' ಬರುತ್ತದೆ. ಇನ್ನೂ ಹುಳಿಯುತ್ತಲೇ ಇರುವ ಹೊಸ ದ್ರಾಕ್ಷಿ ರಸ. ಬೆಳಗ್ಗೆ ಇಳಿಸಿದ ನೀರಾ ಸಂಜೆಗೆ ಬೇರೆಯಾಗುತ್ತದಲ್ಲ, ಹಾಗೆ ಇದರ ರುಚಿಯೂ ದಿನದಿನಕ್ಕೆ ಬದಲು. ನೊರೆ ಬರುವುದರಿಂದ ಬಾಟಲಿ ಮುಚ್ಚಳ ಬಿಗಿ ಇರಲ್ಲ. ನೆಟ್ಟಗೇ ಹಿಡಿದು ತರಬೇಕು, ಫ್ರಿಜ್ಜಿನಲ್ಲೂ ನಿಲ್ಲಿಸಿಯೇ ಇಡಬೇಕು. ಯಜಮಾನರು ಮೊದಲ ಸಲ ಬ್ಯಾಗಿನಲ್ಲಿ ಮಲಗಿಸಿ ತಂದು, ಬ್ಯಾಗಿನೊಳಗಿದ್ದ ಕಾಗದಪತ್ರವೆಲ್ಲ ನೆನೆದಿತ್ತು. ನೀನು ಮದ್ಯ ಕುಡಿಯದಿದ್ದರೆ ಹುಳಿಯದ ರಸವೇ ಕೇಳು, ಸಿಗುತ್ತದೆ. ಇದರ ಜೊತೆ ತಿನ್ನುವುದು ಈರುಳ್ಳಿ ಕೇಕು, ತ್ಸ್ವೀಬೆಲ್‌ಕೂಖನ್. ಕೇಕು ಅಂದರೂ ಸಿಹಿಯಲ್ಲ. ಹಿಟ್ಟಿನ ಮೇಲೆ ಬಾಡಿಸಿದ ಈರುಳ್ಳಿ, ಕೆನೆ, ಮೊಟ್ಟೆ, ಮೇಲೆ ಶಾಜೀರಿಗೆ. ನೀನು ಸಸ್ಯಾಹಾರಿ ಅಂದಿದ್ದೀಯ. ಇದರಲ್ಲಿ ಬಹಳ ಕಡೆ ಹಂದಿಮಾಂಸದ ಚೂರು ಹಾಕುತ್ತಾರೆ, 'ಓನೆ ಶ್ಪೆಕ್' ಅಂತ ಕೇಳಿ ತಗೋ. ಆಲೂಗಡ್ಡೆ ಸಲಾಡ್ ಕೂಡ ಕೇಳಿಯೇ ತಿನ್ನು, ಈ ಕಡೆ ಅದನ್ನು ಮಾಂಸದ ಸಾರಿನಲ್ಲಿ ಕಲಸುವುದು ವಾಡಿಕೆ. ಮೊಟ್ಟೆಯೂ ಬೇಡ ಅನ್ನುವುದಾದರೆ ಬಿಸಿ ಬ್ರೆಟ್ಸಲ್ ಬೆಣ್ಣೆ ಯಾವಾಗಲೂ ಇದ್ದೇ ಇದೆ.

ದ್ರಾಕ್ಷಿ ಬೆಳೆಯುವವರು ತಮ್ಮ ಮನೆಯಲ್ಲೇ, ಕೊಟ್ಟಿಗೆಯಲ್ಲೇ ಬೆಂಚು ಹಾಕಿ ಊಟ ಕೊಡುತ್ತಾರೆ. ಅದಕ್ಕೆ ಬೇಸನ್ ಅಂತ ಹೆಸರು, ಅಂದರೆ ಪೊರಕೆ. ತೆರೆದಿದೆ ಅನ್ನುವುದಕ್ಕೆ ಬೀದಿಬಾಗಿಲಿಗೆ ಒಂದು ಪೊರಕೆ ಕಟ್ಟಿರುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತೆರೆಯಬಹುದು, 40 ಜನಕ್ಕಿಂತ ಜಾಸ್ತಿ ಕೂರಿಸುವ ಹಾಗಿಲ್ಲ. ಅದಕ್ಕೇ ಒತ್ತಿಕೊಂಡು ಕೂರುವುದು. 'ಇಸ್ಟ್ ಹೀರ್ ನೋಖ್ ಫ್ರೈ' ಅಂತ ಕೇಳು, ಇಲ್ಲಿ ಜಾಗ ಇದೆಯಾ ಅಂತ. ಸರಿದು ಜಾಗ ಕೊಡುತ್ತಾರೆ, ಹತ್ತು ನಿಮಿಷಕ್ಕೆ ಮಾತು ಶುರುವಾಗುತ್ತದೆ. ಮಾತೇ ಆಡಲ್ಲ ಅನ್ನುವ ಜನ ಇವರೇನಾ ಅಂತ ನಿನಗೇ ಅನ್ನಿಸುತ್ತದೆ.

ಸ್ಟುಟ್‌ಗಾರ್ಟ್‌ನ ವಾಸನ್ ಜಾತ್ರೆಗೆ ಆಫೀಸಿನವರು ಕರೆದಿದ್ದಾರೆ, ಬರೀ ಬಿಯರ್ ಗದ್ದಲ ಅಲ್ವಾ ಅಂದಿದ್ದೀಯ. ಗದ್ದಲ ಹೌದು. ಆದರೂ ಒಂದು ಸಲ ಹೋಗು. ಆ ಮೈದಾನದ ನಡುವೆ ಹಣ್ಣು, ಧಾನ್ಯದ ತೆನೆಗಳಿಂದ ಸಿಂಗರಿಸಿದ ಎತ್ತರದ ಕಂಬವಿದೆ, ಅದರ ಕೆಳಗೆ ನಿಂತು ನೋಡು. 1815ರಲ್ಲಿ ಇಂಡೋನೇಷ್ಯಾದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿಯಿತು, ಅದರ ಧೂಳು ಆಕಾಶ ಮುಚ್ಚಿ ಮರುವರ್ಷ ಇಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು, ಜನ ಹಸಿದರು, ಎಷ್ಟೋ ಮನೆಗಳು ಊರು ಬಿಟ್ಟು ಗುಳೆ ಹೋದವು. ಆಮೇಲೆ ಬೆಳೆ ಬಂತು. ರೈತರಿಗೆ ಧೈರ್ಯ ಬರಲಿ, ಬೇಸಾಯ ಸುಧಾರಿಸಲಿ ಅಂತ ರಾಜ ಮೊದಲನೇ ವಿಲ್‌ಹೆಲ್ಮ್ 1818ರಲ್ಲಿ ಈ ಜಾತ್ರೆ ಶುರುಮಾಡಿದ. ಬರಗಾಲ ನೋಡಿದ ಊರಿನವರ ಜಾತ್ರೆ ಇದು. ನಮಗೆ ಅದು ಹೇಳಿಕೊಡಬೇಕಾಗಿಲ್ಲ. ಹೆಚ್ಚುಕಡಿಮೆ ನಮ್ಮ ದಸರೆಯ ದಿನಗಳಲ್ಲೇ ಬರುತ್ತದೆ. ನಾನು ಮನೆಯಲ್ಲಿ ಐದು ಮೆಟ್ಟಿಲಿನ ಗೊಂಬೆ ಕೂರಿಸುತ್ತೇನೆ. ಮಗಳು ಕಾಡಿನಿಂದ ತಂದ ಕುದುರೆ ಚೆಸ್ಟ್‌ನಟ್ ಕಾಯಿಗೆ ಬೆಂಕಿಕಡ್ಡಿ ಚುಚ್ಚಿ ಮಾಡಿದ ಪುಟ್ಟ ಜನ, ಪುಟ್ಟ ಕುದುರೆ ಕೆಳಗಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಯ ಮುಂದೆ ಮೆರವಣಿಗೆ ನಿಲ್ಲುತ್ತವೆ. ಆ ಕಾಯಿ ತಿನ್ನುವುದಲ್ಲ, ನೆನಪಿಡು. ಬೀದಿಯಲ್ಲಿ ಹುರಿದು ಮಾರುತ್ತಾರಲ್ಲ, ಆ ಚೆಸ್ಟ್‌ನಟ್ ಬೇರೆ. ಕಾಡಿನ ಅಣಬೆಯೂ ಅಷ್ಟೇ. ಮಲೆನಾಡಿನ ಗೆಳೆಯರು ಯಾರಾದರೂ ನಮಗೆ ಅಣಬೆ ಗುರುತು ಗೊತ್ತು ಅಂದರೂ ಕೇಳಬೇಡ, ಇಲ್ಲಿನ ಕಾಡಲ್ಲಿ ಜೀವ ತೆಗೆಯುವ ಅಣಬೆ ನೋಡಲು ತಿನ್ನುವ ಅಣಬೆಯ ಹಾಗೇ ಇರುತ್ತದೆ.

ತರಕಾರಿ ಬಗ್ಗೆ ಎರಡು ಮಾತು. ಹೊಲದ ಪಕ್ಕದ ರಸ್ತೆಯಲ್ಲಿ ಗಾಡಿ ಮೇಲೆ ಕುಂಬಳಕಾಯಿ ಜೋಡಿಸಿಟ್ಟು, ಪಕ್ಕದಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ. ಕಾಯುವವರಿಲ್ಲ. ಬರೆದಿರುವಷ್ಟು ದುಡ್ಡು ಡಬ್ಬಿಗೆ ಹಾಕಿ ಕಾಯಿ ತಗೊಂಡು ಬಾ, ಅದಕ್ಕೇ ಜೇಬಲ್ಲಿ ಚಿಲ್ಲರೆ ಇರಲಿ. ಹೊಕ್ಕೈಡೊ ಅನ್ನುವ ಕೇಸರಿ ಬಣ್ಣದ ಸಣ್ಣ ಕುಂಬಳಕ್ಕೆ ಸಿಪ್ಪೆ ತೆಗೆಯುವ ಕೆಲಸವೇ ಇಲ್ಲ, ಸಿಪ್ಪೆ ಸಮೇತ ಬೇಯುತ್ತದೆ, ಹುಳಿಗೂ ಪಲ್ಯಕ್ಕೂ ಬಹಳ ಚೆಂದ. ಇನ್ನು ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದ ಸುತ್ತಿನ ಫಿಲ್ಡರ್ ಬಯಲಲ್ಲಿ ಬೆಳೆಯುವ ಚೂಪು ಕೋಸು ಸಿಕ್ಕರೆ ಬಿಡಬೇಡ. ಎಲೆ ತೆಳು, ಸಿಹಿ. ಸಾಸಿವೆ, ಕಡಲೆಬೇಳೆ, ಕಾಯಿತುರಿ ಹಾಕಿ ಪಲ್ಯ ಮಾಡು, ಆಮೇಲೆ ದುಂಡು ಕೋಸು ಮುಟ್ಟಲ್ಲ ನೀನು. ಪಕ್ಕದ ಲುಡ್‌ವಿಗ್ಸ್‌ಬುರ್ಗ್ ಅರಮನೆ ತೋಟದಲ್ಲಿ ಕುಂಬಳಕಾಯಿ ಜಾತ್ರೆಯೇ ನಡೆಯುತ್ತದೆ, ಲಕ್ಷಾಂತರ ಕಾಯಿ. 2016ರಲ್ಲಿ ಬೆಲ್ಜಿಯಂನವರೊಬ್ಬರು ತಂದ 1,190 ಕೆಜಿಯ ಕಾಯಿ ಅಲ್ಲಿ ತೂಗಿ ಆಗಿನ ವಿಶ್ವದಾಖಲೆಯಾಯಿತು. ಮಗಳನ್ನು ಎತ್ತಿಕೊಂಡು ಆ ವರ್ಷ ಹೋಗಿದ್ದೆವು.

ಇನ್ನು ಕಷ್ಟದ ಮಾತು. ಅಕ್ಟೋಬರ್ ಕೊನೆಯ ಭಾನುವಾರ ನಸುಕಿನಲ್ಲಿ 3 ಗಂಟೆಯ ಗಡಿಯಾರವನ್ನು 2ಕ್ಕೆ ತಿರುಗಿಸುತ್ತಾರೆ. ಈಗ ಏಳರ ಸುಮಾರಿಗೆ ಮುಳುಗುವ ಸೂರ್ಯ, ಆ ದಿನದಿಂದ ಐದೂಕಾಲಿಗೇ ಮುಳುಗುತ್ತಾನೆ. ಅದಕ್ಕಿಂತ ನನಗೆ ನೋವಾಗುವುದು ಬೇರೆ. ಊರಿಗೂ ಇಲ್ಲಿಗೂ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆ ಆಗುತ್ತದೆ. ಸಂಜೆ ಆರಕ್ಕೆ ನಾನು ಫೋನ್ ಮಾಡಿದರೆ ಅಮ್ಮನಿಗೆ ಒಂಬತ್ತೂವರೆ, ಇನ್ನೂ ಎಚ್ಚರ. ಗಡಿಯಾರ ತಿರುಗಿದ ಮೇಲೆ ಅದೇ ಆರಕ್ಕೆ ಅಲ್ಲಿ ಹತ್ತೂವರೆ, ಅಮ್ಮ ಮಲಗಿರುತ್ತಾಳೆ. ಮೊದಲ ವರ್ಷ ಆ ಒಂದು ಗಂಟೆಯಿಂದ ನಾವಿಬ್ಬರೂ ವಾರಗಟ್ಟಲೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಚಳಿಗಾಲದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಾಡುತ್ತೇನೆ, ಹೊರಗೆ ನಡೆಯುತ್ತಾ. ನೀನೂ ಮನೆಯವರಿಗೆ ಮೊದಲೇ ಹೇಳಿ ಹೊತ್ತು ಬದಲಿಸಿಕೋ. ಮಧ್ಯಾಹ್ನದ ನಡಿಗೆ ನಿನಗೂ ಬೇಕು, ನವೆಂಬರ್‌ನಲ್ಲಿ ಬೆಳಕು ಸಿಗುವುದೇ ಆ ಹೊತ್ತಿನಲ್ಲಿ.

ನವೆಂಬರ್ 1ಕ್ಕೆ ನಿನಗೆ ರಜೆ ಇರುತ್ತದೆ, ರಾಜ್ಯೋತ್ಸವಕ್ಕಲ್ಲ, ಇಲ್ಲಿ ಅದು ಎಲ್ಲ ಸಂತರ ದಿನ. ಅವತ್ತು ಜನ ತಮ್ಮ ಹಿರಿಯರ ಸಮಾಧಿಗೆ ಹೋಗಿ ಗುಡಿಸಿ, ಹೂ ಇಟ್ಟು, ಕೆಂಪು ಗಾಜಿನ ದೀಪ ಹಚ್ಚುತ್ತಾರೆ. ಸಂಜೆ ಸ್ಮಶಾನದ ದಾರಿಯಲ್ಲಿ ಹೋದರೆ ನೂರಾರು ಪುಟ್ಟ ದೀಪ. ನಮ್ಮ ಪಿತೃಪಕ್ಷ ಮುಗಿದ ಕೆಲವು ವಾರಕ್ಕೆ ಇವರದು. ಅಜ್ಜಿಯ ಜೊತೆ ಅವರ ಯಜಮಾನರ ಸಮಾಧಿಗೆ ನಾನೂ ಹೋಗುತ್ತೇನೆ. ಕಳೆದ ವರ್ಷ ಅವರು ಎರಡು ದೀಪ ತಂದಿದ್ದರು. ಒಂದು ನಿನ್ನ ಅಪ್ಪನಿಗೆ ಅಂದರು.

ಅವತ್ತೇ ನಾಲ್ಕಾರು ಕನ್ನಡದ ಮನೆಯವರು ನಮ್ಮಲ್ಲಿ ಸೇರುತ್ತೇವೆ. ಬಿಸಿಬೇಳೆಬಾತ್ ತಿಂದು ಮಕ್ಕಳನ್ನು ನೆಕ್ಕಾರ್ ದಂಡೆಗೆ ಕರೆದುಕೊಂಡು ಹೋಗುತ್ತೇವೆ. ಕನ್ನಡಕ್ಕೂ ಈ ಊರಿಗೂ ಹಳೆಯ ನಂಟಿದೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಶುರುಮಾಡಿದ ಮಿಷನರಿ ಹೆರ್ಮನ್ ಮೋಗ್ಲಿಂಗ್ ಈ ಸೀಮೆಯವರು. ಬ್ರಾಕನ್‌ಹೈಮ್ ಅನ್ನುವ ದ್ರಾಕ್ಷಿಯ ಊರಲ್ಲಿ ಹುಟ್ಟಿ, 1836ರಲ್ಲಿ ಮಂಗಳೂರಿಗೆ ಬಂದು, ಕೊನೆಗೆ 1881ರಲ್ಲಿ ತೀರಿಕೊಂಡದ್ದು ನಮ್ಮ ಇದೇ ಎಸ್ಲಿಂಗನ್‌ನಲ್ಲಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. ಇಷ್ಟು ದೂರದಿಂದ ಹೋಗಿ, ಹಡಗಿನಲ್ಲಿ ತಿಂಗಳುಗಟ್ಟಲೆ ಕೂತು, ನಮ್ಮ ಗಾದೆ, ನಮ್ಮ ಪದ ಒಂದೊಂದಾಗಿ ಆರಿಸಿಕೊಂಡ ಜನ. ಮಂಗಳೂರಿನ ಮೊದಲ ಮಳೆಗಾಲದಲ್ಲಿ ಅವರಿಗೂ ನಿನ್ನ ಹಾಗೇ ಅನ್ನಿಸಿರಬೇಕು ಅಂತ ನನಗೆ ಆಗಾಗ ಅನ್ನಿಸುತ್ತದೆ. ಯಾವಾಗ ನಿಲ್ಲುತ್ತೆ ಇದು, ಇಲ್ಲಿ ಹೇಗೆ ಬದುಕೋದು ಅಂತ.

ನವೆಂಬರ್ 11ರ ಸುಮಾರಿಗೆ ಸಂತ ಮಾರ್ಟಿನ್ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟವನು ಮಾರ್ಟಿನ್. ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಕತ್ತಲಲ್ಲಿ ಹಾಡುತ್ತಾ ಹೋಗುತ್ತಾರೆ. ದೀಪಾವಳಿಯೂ ಆಸುಪಾಸಿನಲ್ಲೇ ಬರುತ್ತದೆ. ಪಟಾಕಿ ಮಾತ್ರ ಹೊಸವರ್ಷದ ಹೊತ್ತು ಬಿಟ್ಟು ಹೊಡೆಯುವ ಹಾಗಿಲ್ಲ, ಹುಷಾರು. ಬಾಲ್ಕನಿಯಲ್ಲಿ ಹಣತೆ ಹಚ್ಚು, ಸಾಕು. ನಾವು ಹಚ್ಚಿದ ಹಣತೆ ನೋಡಿ ಎದುರುಮನೆಯ ಮಗು ತನ್ನ ಲಾಂದ್ರವನ್ನು ಕಿಟಕಿಯಲ್ಲಿ ತೂಗುಹಾಕಿತ್ತು.

ಆಮೇಲೆ ಎರಡು ವಾರ ಬರೀ ಮಂಜು ಕವಿದು ಕೂರುತ್ತದೆ, ಬೆಳಗ್ಗೆಯಿಂದ ಸಂಜೆತನಕ ಒಂದೇ ಬೂದಿ ಬಣ್ಣ. ಆಗ ಮನಸ್ಸು ಕುಗ್ಗುತ್ತದೆ, ಹದಿನಾಲ್ಕು ವರ್ಷವಾದರೂ ಕುಗ್ಗುತ್ತದೆ. ಅಂಥ ದಿನ ಮನೆಯಲ್ಲಿ ಕೂರಬೇಡ, ಮೇಲೆ ಹತ್ತು. ಮಂಜು ಕಣಿವೆಯಲ್ಲಿ ನಿಂತಿರುತ್ತದೆ ಅಷ್ಟೇ, ಆಲ್ಬ್ ಬೆಟ್ಟದ ಮೇಲೆ ಎಷ್ಟೋ ಸಲ ಬಿಸಿಲು ಇರುತ್ತದೆ. ಹೋಹನ್‌ನೊಯ್ಫನ್ ಕೋಟೆಯ ಗೋಡೆ ಮೇಲೆ ನಿಂತರೆ ಕೆಳಗೆ ಬೆಳ್ಳಗೆ ಹತ್ತಿ ಹರಡಿದ ಹಾಗೆ ಮೋಡ, ಅದರಿಂದ ಅಲ್ಲೊಂದು ಇಲ್ಲೊಂದು ಗುಡ್ಡದ ತಲೆ. ಚಿಕ್ಕವಳಿದ್ದಾಗ ಅಪ್ಪ ನಸುಕಿನಲ್ಲಿ ಎಬ್ಬಿಸಿ ಸ್ಕೂಟರಿನಲ್ಲಿ ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದು ನೆನಪಾಗುತ್ತದೆ. ಸ್ವೆಟರ್ ತೋಳಿನೊಳಗೆ ಕೈ ಎಳೆದುಕೊಂಡು ಹೀಗೇ ನಿಂತಿದ್ದೆ.

ವಾಪಸ್ ಹೋಗಬೇಕಾ ಇರಬೇಕಾ ಅನ್ನುವುದಕ್ಕೆ ನಾನು ಉತ್ತರ ಹೇಳಲ್ಲ, ಅದು ನಿನ್ನ ಮನೆ, ನಿನ್ನ ಅಪ್ಪ ಅಮ್ಮ, ನಿನ್ನ ಮನಸ್ಸು. ಒಂದು ಸುಗ್ಗಿಯಾದರೂ ನೋಡದೆ ತೀರ್ಮಾನ ಮಾಡಬೇಡ ಅಂತ ಕೇಳಿಕೊಳ್ಳುತ್ತೇನೆ ಅಷ್ಟೇ.

ಬರುವ ಶನಿವಾರ ಸೇಬು ಆರಿಸಲು ಹೋಗುತ್ತಿದ್ದೇವೆ. ಅಜ್ಜಿಗೆ ಈಗ ಎಂಬತ್ತಮೂರು, ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಯಾವ ಕೊಂಬೆ ಅಲ್ಲಾಡಿಸಬೇಕು ಅಂತ ಹೇಳುತ್ತಾರೆ, ಅಲ್ಲಾಡಿಸಲು ಒಬ್ಬ ಹುಡುಗ ಬೇಕು. ಬೊಬ್ಲಿಂಗನ್‌ನಿಂದ ಎಸ್1 ಲೋಕಲ್ ರೈಲು ಹತ್ತಿದರೆ ನೇರ ಎಸ್ಲಿಂಗನ್, ನಡುವೆ ರೈಲು ಬದಲಿಸಬೇಕಾಗಿಲ್ಲ. ಒಂಬತ್ತಕ್ಕೆ ಸ್ಟೇಷನ್ ಮುಂದೆ ಇರುತ್ತೇವೆ. ಹಳೇ ಬೂಟು ಹಾಕಿಕೊಂಡು ಬಾ, ಹುಲ್ಲು ಒದ್ದೆಯಿರುತ್ತದೆ. ಒಂದು ಜೊತೆ ಕಾಲುಚೀಲ ಜಾಸ್ತಿ ತಾ. ಊಟಕ್ಕೆ ಏನೂ ತರಬೇಡ, ಕುಂಬಳಕಾಯಿ ಹುಳಿ, ಅನ್ನ ಕಟ್ಟಿಕೊಂಡು ಬರುತ್ತೇನೆ.